ಬಿಎಫ್‌ಸಿ ಮುನ್ನಡೆ ಕೈಬಿಡುವ ಜಾಗ: ಬಾಕ್ಸ್ ಒಳಗಿನ ಹದಿನಾರೂವರೆ ಮೀಟರ್

ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ತಂಡದ ಮೂರು ನಾಕೌಟ್ ಪಂದ್ಯ, ಮೂರರಲ್ಲೂ ಒಂದೇ ಎದುರಾಳಿ, ಕೋಲ್ಕತ್ತದ ಮೋಹನ್ ಬಗಾನ್. 2023ರ ಮಾರ್ಚ್ 18, ಗೋವಾದ ಫತೋರ್ಡಾ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್. 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಕಾರ್ನರ್‌ಗೆ ತಲೆ ಕೊಟ್ಟು ಬೆಂಗಳೂರು ಎಫ್‌ಸಿಗೆ 2-1 ಮುನ್ನಡೆ ತಂದರು. 85ನೇ ನಿಮಿಷದಲ್ಲಿ ದಿಮಿತ್ರಿ ಪೆಟ್ರಾಟೋಸ್ ಪೆನಾಲ್ಟಿ ಹೊಡೆದು 2-2 ಮಾಡಿದರು, ಶೂಟೌಟ್‌ನಲ್ಲಿ ಆಗಿನ ಎಟಿಕೆ ಮೋಹನ್ ಬಗಾನ್ 4-3ರಿಂದ ಗೆದ್ದಿತು. 2024ರ ಆಗಸ್ಟ್ 27, ಕೋಲ್ಕತ್ತದ ಸಾಲ್ಟ್ ಲೇಕ್, ಡುರಾಂಡ್ ಕಪ್ ಸೆಮಿಫೈನಲ್. ಸುನಿಲ್ ಛೆಟ್ರಿ ಪೆನಾಲ್ಟಿ, ವಿನೀತ್ ವೆಂಕಟೇಶ್ ಗೋಲು, 50ನೇ ನಿಮಿಷಕ್ಕೇ 2-0. ಆಮೇಲೆ 68ರಲ್ಲಿ ಪೆಟ್ರಾಟೋಸ್ ಪೆನಾಲ್ಟಿ, 84ರಲ್ಲಿ ಅನಿರುದ್ಧ್ ಥಾಪಾ, ಶೂಟೌಟ್‌ನಲ್ಲಿ ಮತ್ತದೇ 4-3. 2025ರ ಏಪ್ರಿಲ್ 12, ಅದೇ ಸಾಲ್ಟ್ ಲೇಕ್, ಐಎಸ್‌ಎಲ್ ಫೈನಲ್. 49ನೇ ನಿಮಿಷದಲ್ಲಿ ರಯಾನ್ ವಿಲಿಯಮ್ಸ್ ಹಾಕಿದ ಕ್ರಾಸ್ ಆಲ್ಬರ್ಟೊ ರೊಡ್ರಿಗಸ್ ಕಾಲಿಗೆ ತಾಗಿ ಸ್ವಂತ ಗೋಲಾಯಿತು, ಬಿಎಫ್‌ಸಿ 1-0. 72ರಲ್ಲಿ ಚಿಂಗ್ಲೆನ್ಸಾನಾ ಸಿಂಗ್ ಹ್ಯಾಂಡ್‌ಬಾಲ್, ಜೇಸನ್ ಕಮಿಂಗ್ಸ್ ಪೆನಾಲ್ಟಿ, 1-1. ಹೆಚ್ಚುವರಿ ಸಮಯದ 96ನೇ ನಿಮಿಷದಲ್ಲಿ ಜೇಮಿ ಮೆಕ್ಲಾರನ್ ಹೊಡೆದದ್ದು ಕಪ್ ಗೆದ್ದ ಗೋಲು.

ಈ ಪಟ್ಟಿ ಓದಿದ ಬಿಎಫ್‌ಸಿ ಅಭಿಮಾನಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳ್ತಾನೆ: 'ರೆಫರಿ' ಅಥವಾ 'ನಮ್ಮವರಿಗೆ ಗುಂಡಿಗೆ ಇಲ್ಲ'. ಎರಡೂ ಬೇಡ. ಪಟ್ಟಿಯನ್ನೇ ಇನ್ನೊಂದು ಸಲ ನೋಡಿ. ಮೂರು ಪಂದ್ಯದಲ್ಲೂ ಮುನ್ನಡೆ ಕರಗಲು ಶುರುವಾದದ್ದು ಪೆನಾಲ್ಟಿ ಸ್ಪಾಟ್‌ನಿಂದ. ಅದ್ಭುತ ಗೋಲು ಬಿದ್ದು ಅಲ್ಲ, ಗೋಲ್‌ಕೀಪರ್ ಎಡವಟ್ಟಿನಿಂದಲೂ ಅಲ್ಲ. ಮೂರೇ ಪಂದ್ಯ, ಇದರಿಂದ ಅಂಕಿಅಂಶದ ನಿಯಮ ಕಟ್ಟಕ್ಕಾಗಲ್ಲ, ಎದುರಿಗಿದ್ದದ್ದು ದೇಶದ ಅತಿ ಬಲಾಢ್ಯ ತಂಡ ಅನ್ನೋದೂ ನಿಜ. ಆದರೆ ಪಂದ್ಯದ ಕೊನೆಯಲ್ಲಿ ಲೀಡ್ ಕಳೆದುಕೊಳ್ಳುವ ಯಾವ ತಂಡವನ್ನು ಬಿಡಿಸಿ ನೋಡಿದರೂ ಮೂಲ ಪ್ರಶ್ನೆ ಇದೇ: ಅವರು ಡಿಫೆಂಡ್ ಮಾಡುತ್ತಿದ್ದದ್ದು ಗೋಲಿನಿಂದ ಎಷ್ಟು ಮೀಟರ್ ದೂರದಲ್ಲಿ?

ಪೆನಾಲ್ಟಿ ಬಾಕ್ಸ್ ಗೋಲ್ ಲೈನಿನಿಂದ 16.5 ಮೀಟರ್ ಆಳ, ಸುಮಾರು 40.3 ಮೀಟರ್ ಅಗಲ. ಈ ಗೆರೆಯ ಹೊರಗೆ ಒಂದು ತಡವಾದ ಟ್ಯಾಕಲ್ ಆದರೆ ಫ್ರೀ ಕಿಕ್. ಗೋಡೆ ನಿಲ್ಲುತ್ತದೆ, ಕೀಪರ್ ಜಾಗ ಹಿಡಿಯುತ್ತಾನೆ, ನೇರ ಗೋಲಾಗುವ ಸಾಧ್ಯತೆ ತೀರಾ ಕಡಿಮೆ. ಅದೇ ಟ್ಯಾಕಲ್ ಗೆರೆಯ ಒಳಗೆ ಆದರೆ 11 ಮೀಟರ್ ದೂರದಿಂದ ಕೀಪರ್ ಒಬ್ಬನ ಎದುರು ಹೊಡೆತ, ನಾಲ್ಕರಲ್ಲಿ ಮೂರಕ್ಕಿಂತ ಕಡಿಮೆಯಿಲ್ಲದಂತೆ ಒಳಗೆ ಹೋಗುತ್ತದೆ. ತಪ್ಪು ಅದೇ, ಕಾಲು ಅದೇ, ಬೆಲೆ ಮಾತ್ರ ಹತ್ತು ಪಟ್ಟು. 2023ರ ಫೈನಲ್‌ನಲ್ಲಿ ಬಗಾನ್‌ನ ಕಿಯಾನ್ ನಸ್ಸಿರಿಯನ್ನು ಬಿಎಫ್‌ಸಿಯ ಪಾಬ್ಲೊ ಪೆರೆಜ್ ಬೀಳಿಸಿದ್ದು ಬಾಕ್ಸ್ ಗೆರೆಯ ಪಕ್ಕದಲ್ಲಿ. ಅದು ಒಳಗೋ ಹೊರಗೋ ಅಂತ ಬಿಎಫ್‌ಸಿ ಅಭಿಮಾನಿಗಳು ಇವತ್ತಿಗೂ ಜಗಳ ಆಡ್ತಾರೆ. ಐಎಸ್‌ಎಲ್‌ನಲ್ಲಿ ಆಗ ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಇರಲಿಲ್ಲ, ರೆಫರಿಗೆ ಸಿಕ್ಕಿದ್ದು ಒಂದೇ ನೋಟ. ಅಂಥ ಲೀಗಿನಲ್ಲಿ ಗೆರೆಯ ಮೇಲೆ ಡಿಫೆಂಡ್ ಮಾಡುವುದು ಅಂದರೆ ಪಂದ್ಯವನ್ನು ರೆಫರಿಯ ಒಂದು ನೋಟಕ್ಕೆ ಒಪ್ಪಿಸಿದ ಹಾಗೆ. ಅದೇ ಜಟಾಪಟಿ ಐದು ಮೀಟರ್ ಮುಂದೆ ನಡೆದಿದ್ದರೆ ಜಗಳಕ್ಕೆ ವಿಷಯವೇ ಇರುತ್ತಿರಲಿಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಹೆಚ್ಚು ಗಮನಿಸಲ್ಲ. ಪೆರೆಜ್ ಡಿಫೆಂಡರ್ ಅಲ್ಲ. ಅದೇ ಪಂದ್ಯದ 14ನೇ ನಿಮಿಷದ ಮೊದಲ ಪೆನಾಲ್ಟಿ ಬಂದದ್ದು ರಾಯ್ ಕೃಷ್ಣ ಕೈಗೆ ಚೆಂಡು ತಾಗಿದ್ದರಿಂದ. ಕೃಷ್ಣ ಸ್ಟ್ರೈಕರ್. ಆ ರಾತ್ರಿ ಬಿಎಫ್‌ಸಿ ವಿರುದ್ಧ ಬಿದ್ದ ಎರಡು ಪೆನಾಲ್ಟಿಗಳನ್ನೂ ಕೊಟ್ಟವರು ತಮ್ಮ ಬಾಕ್ಸಿನಲ್ಲಿ ಕೆಲಸ ಮಾಡಿ ಅಭ್ಯಾಸ ಇಲ್ಲದವರು. ತಂಡ ಪೂರ್ತಿ ಹಿಂದೆ ಬಂದು ನಿಂತಾಗ ಇದೇ ಆಗುವುದು. ನೋಡುವವರಿಗೆ ಹನ್ನೊಂದು ಜನ ಡಿಫೆನ್ಸ್‌ನಲ್ಲಿದ್ದಾರೆ ಅಂತ ಧೈರ್ಯ, ಆದರೆ ಬಾಕ್ಸಿನೊಳಗೆ ಕಾಲು ಎಲ್ಲಿ ಇಡಬೇಕು, ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತ ಗೊತ್ತಿರೋದು ನಾಲ್ಕೋ ಐದೋ ಜನಕ್ಕೆ. ಉಳಿದವರು ಅಲ್ಲಿ ಇರುವುದೇ ಅಪಾಯ.

ಹಾಗಾದರೆ ಹಿಂದೆ ಯಾಕೆ ಬರ್ತಾರೆ? ಕೋಚ್ ಹೇಳಿದ್ದಕ್ಕೆ ಅಂತ ಎಲ್ಲರೂ ಅಂದುಕೊಳ್ತಾರೆ. ಹೆಚ್ಚಿನ ಸಲ ಕೋಚ್ ಟಚ್‌ಲೈನ್‌ನಲ್ಲಿ ನಿಂತು 'ಅಪ್, ಅಪ್' ಅಂತ ಕೂಗ್ತಿರ್ತಾನೆ, ಡಿಫೆಂಡರ್‌ಗಳ ಸಾಲು ಮಾತ್ರ ಹಿಂದಕ್ಕೇ ಜಾರುತ್ತದೆ. ಕಾರಣ ಡಿಫೆಂಡರ್‌ಗಳ ಹತ್ತಿರ ಇರುವುದೇ ಇಲ್ಲ, ಮುಂದಿನ ಇಬ್ಬರ ಹತ್ತಿರ ಇರುತ್ತದೆ. ಎದುರಾಳಿಯ ಸೆಂಟರ್ ಬ್ಯಾಕ್ (ಹಿಂದಿನ ಸಾಲಿನ ಮಧ್ಯದ ಡಿಫೆಂಡರ್) ಅಥವಾ ಡಿಫೆನ್ಸಿವ್ ಮಿಡ್‌ಫೀಲ್ಡರ್ ತಲೆಯೆತ್ತಿ, ಎದುರಿಗೆ ಯಾರೂ ಇಲ್ಲದೆ ಚೆಂಡು ಇಟ್ಟುಕೊಂಡಿದ್ದರೆ ಹಿಂದಿನ ಸಾಲು ಹಿಂದೆ ಸರಿಯುವುದೇ ಸರಿ. ಇಲ್ಲವಾದರೆ ಬೆನ್ನ ಹಿಂದೆ ಉದ್ದ ಚೆಂಡು ಬೀಳುತ್ತದೆ. ಡಿಫೆಂಡರ್‌ಗೆ ಚಿಕ್ಕಂದಿನಿಂದ ಕಲಿಸುವ ಮೊದಲ ಪಾಠವೇ ಇದು: ಚೆಂಡಿನ ಮೇಲೆ ಒತ್ತಡ ಇದ್ದರೆ ಮೇಲೆ ಬಾ, ಇಲ್ಲದಿದ್ದರೆ ಇಳಿ. 70ನೇ ನಿಮಿಷ ದಾಟುವಾಗ ಮುಂದಿನ ಇಬ್ಬರ ಕಾಲು ಸೋತಿರುತ್ತದೆ. ಅವರು ಎರಡು ಸೆಕೆಂಡ್ ತಡವಾಗಿ ಒತ್ತಡ ಹಾಕಿದರೆ ಹಿಂದಿನ ನಾಲ್ವರು ಐದು ಮೀಟರ್ ಇಳಿಯುತ್ತಾರೆ. ಅವರು ಇಳಿದಾಗ ಮಧ್ಯದವರೂ ಇಳಿಯಬೇಕು, ಇಲ್ಲದಿದ್ದರೆ ಎರಡು ಸಾಲಿನ ನಡುವೆ ಎದುರಾಳಿಗೆ ಆಟದ ಮೈದಾನ ಸಿಗುತ್ತದೆ. ಹೀಗೆ ಐದೈದು ಮೀಟರ್ ಆಗಿ ಹತ್ತು ನಿಮಿಷದಲ್ಲಿ ಎಲ್ಲರೂ ಬಾಕ್ಸ್ ಒಳಗೆ. ಯಾರೂ ನಿರ್ಧಾರ ಮಾಡಿ ಬಂದದ್ದಲ್ಲ.

ಅದಕ್ಕೇ ಮುನ್ನಡೆಯಲ್ಲಿರುವಾಗ ಮೊದಲ ಬದಲಾವಣೆ ಹೊಸ ಸೆಂಟರ್ ಬ್ಯಾಕ್ ಆಗಿರಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ಬದಲಾವಣೆ ಮುಂದೆ. 65ರಿಂದ 70ನೇ ನಿಮಿಷದೊಳಗೆ ಓಡಬಲ್ಲ ಒಬ್ಬ ಸ್ಟ್ರೈಕರ್ ಬರಲಿ, ಅವನು ಗೋಲು ಹೊಡೆಯದಿದ್ದರೂ ಪರವಾಗಿಲ್ಲ. ಎದುರಾಳಿಯ ಹಿಂದಿನ ಪಾಸ್‌ಗಳನ್ನು ಅಡ್ಡಾದಿಡ್ಡಿ ಮಾಡಿದರೆ ಸಾಕು. ಎರಡನೇ ಬದಲಾವಣೆ ಯಾವ ಬದಿಯಿಂದ ಕ್ರಾಸ್ ಹೆಚ್ಚು ಬರುತ್ತಿದೆಯೋ ಆ ಬದಿಯ ವಿಂಗರ್. ಫುಲ್ ಬ್ಯಾಕ್ (ಬದಿಯ ಡಿಫೆಂಡರ್) ಒಂಟಿಯಾಗಿ ಇಬ್ಬರನ್ನು ನಿಭಾಯಿಸುತ್ತಿದ್ದಾನೆ ಅಂದರೆ ತಪ್ಪು ಅವನದಲ್ಲ, ಅವನ ಮುಂದಿನ ವಿಂಗರ್ ವಾಪಸ್ ಬರುತ್ತಿಲ್ಲ ಅಂತ ಅರ್ಥ. ಮೂರನೆಯದು ಬೇಕಾದರೆ ಡಿಫೆಂಡರ್.

ಈಗಿನ ನಿಯಮದಲ್ಲಿ ಐದು ಬದಲಾವಣೆ ಇದೆ, ಆದರೆ ಆಟ ನಿಲ್ಲಿಸಿ ಮಾಡುವ ಅವಕಾಶ ಮೂರೇ, ವಿರಾಮದ ಸಮಯ ಲೆಕ್ಕಕ್ಕಿಲ್ಲ. ಮೂರು ಅವಕಾಶವನ್ನೂ 75ರೊಳಗೆ ಖರ್ಚು ಮಾಡಿದ ಕೋಚ್ 88ನೇ ನಿಮಿಷದಲ್ಲಿ ಯಾರಿಗಾದರೂ ಸ್ನಾಯು ಹಿಡಿದರೆ ಹತ್ತು ಜನರಲ್ಲಿ ಆಡಬೇಕು. 2023ರ ಫೈನಲ್‌ನಲ್ಲಿ ಶಿವಶಕ್ತಿ ಪಂದ್ಯದ ಆರಂಭದಲ್ಲೇ ಗಾಯಗೊಂಡು ಹೊರಹೋಗಿ ಛೆಟ್ರಿ ಬಂದರು. ಒಂದು ಬದಲಾವಣೆಯೂ ಒಂದು ಅವಕಾಶವೂ ಅಲ್ಲೇ ಮುಗಿಯಿತು. ಇಂಥದ್ದಾದಾಗ ಉಳಿದ ಲೆಕ್ಕವನ್ನು ವಿರಾಮದಲ್ಲೇ ಕೂತು ಮತ್ತೆ ಹಾಕಬೇಕಾಗುತ್ತದೆ. ವಿರಾಮದಲ್ಲಿ ಮಾಡುವ ಬದಲಾವಣೆಗೆ ಅವಕಾಶ ಖರ್ಚಾಗಲ್ಲ, ಇದನ್ನು ನಮ್ಮ ಕೋಚ್‌ಗಳು ಬಳಸಿಕೊಳ್ಳೋದು ಕಡಿಮೆ. ಎದುರಾಳಿಯ ಕಾರ್ನರ್ ಅಥವಾ ಫ್ರೀ ಕಿಕ್ ಇರುವಾಗ ಮಾತ್ರ ಬದಲಾವಣೆ ಮಾಡಲೇಬೇಡಿ. ಒಳಗೆ ಬಂದವನಿಗೆ ತಾನು ಯಾರನ್ನು ಹಿಡಿಯಬೇಕು ಅಂತ ಹೇಳುವಷ್ಟರಲ್ಲಿ ಚೆಂಡು ಬಾಕ್ಸಿನಲ್ಲಿರುತ್ತದೆ. ನಿಮ್ಮದೇ ಥ್ರೋ, ನಿಮ್ಮದೇ ಗೋಲ್ ಕಿಕ್ ಬರುವವರೆಗೆ ಕಾಯಿರಿ.

ಹಿಂದೆ ಐವರನ್ನು ನಿಲ್ಲಿಸುವ ಬಗ್ಗೆ ಎರಡು ಮಾತು. 4-4-2ರಿಂದ (ಹಿಂದೆ ನಾಲ್ವರು, ಮಧ್ಯೆ ನಾಲ್ವರು, ಮುಂದೆ ಇಬ್ಬರು) 5-4-1ಕ್ಕೆ ಹೋದರೆ ಮುಂದೆ ಒಬ್ಬನೇ ಉಳಿಯುತ್ತಾನೆ. ಎದುರಾಳಿ ಅವನಿಗೆ ಒಬ್ಬ, ಹೆಚ್ಚೆಂದರೆ ಇಬ್ಬರನ್ನು ಬಿಟ್ಟು ಉಳಿದ ಎಂಟು ಜನರನ್ನು ಮುಂದೆ ಕಳಿಸುತ್ತಾನೆ, ಎರಡೂ ಫುಲ್ ಬ್ಯಾಕ್‌ಗಳು ನಿಮ್ಮ ಬಾಕ್ಸಿನ ಮೂಲೆಯಲ್ಲಿ ಬಂದು ನಿಲ್ಲುತ್ತಾರೆ. ನೀವು ಹೊಡೆದು ಹೊರಗೆ ಕಳಿಸಿದ ಚೆಂಡು ನಾಲ್ಕು ಸೆಕೆಂಡಿನಲ್ಲಿ ವಾಪಸ್. ಐವರು ಬೇಕೇ ಬೇಕು ಅಂದರೆ 5-3-2 ಮಾಡಿ. ಮುಂದೆ ಇಬ್ಬರು ನಿಂತರೆ ಎದುರಾಳಿ ಮೂವರನ್ನು ಹಿಂದೆ ಇಟ್ಟುಕೊಳ್ಳಲೇಬೇಕು. ಅಂದರೆ ನಿಮ್ಮ ಇಬ್ಬರು ಚೆಂಡು ಮುಟ್ಟದೆಯೇ ಅವರ ಮೂವರನ್ನು ಕಟ್ಟಿಹಾಕಿದ ಹಾಗಾಯಿತು. ಕಾರ್ನರ್ ಡಿಫೆಂಡ್ ಮಾಡುವಾಗಲೂ ಇದೇ ಲೆಕ್ಕ: ಒಬ್ಬನನ್ನು ಸೆಂಟರ್ ಲೈನಿನ ಹತ್ತಿರ ಬಿಡಿ. ಅವನನ್ನೂ ಬಾಕ್ಸಿಗೆ ಕರೆದರೆ ಎದುರಾಳಿಯ ಇಬ್ಬರು ಉದ್ದ ಆಟಗಾರರು ಹೆಚ್ಚಿಗೆ ಬರುತ್ತಾರೆ.

2025ರ ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಬಿಎಫ್‌ಸಿ ಬಚಾವಾದದ್ದೂ ಮುಂದೆ ಹೋಗಿದ್ದರಿಂದ. 2025ರ ಏಪ್ರಿಲ್‌ನಲ್ಲಿ ಕಂಠೀರವದಲ್ಲಿ ಎಫ್‌ಸಿ ಗೋವಾ ಎದುರು 2-0 ಗೆದ್ದು ಫತೋರ್ಡಾಗೆ ಹೋದ ತಂಡ, ಅಲ್ಲಿ 49ರಲ್ಲಿ ಬೋರ್ಹಾ ಹೆರೆರಾ, 88ರಲ್ಲಿ ಅರ್ಮಾಂಡೊ ಸಾದಿಕು ಗೋಲಿನಿಂದ ಎರಡೂ ಗೋಲಿನ ಅಂತರ ಕಳೆದುಕೊಂಡಿತ್ತು. ಹೆಚ್ಚುವರಿ ಸಮಯದ ಹೊಸ್ತಿಲಲ್ಲಿ ನಾಮ್‌ಗ್ಯಾಲ್ ಭುಟಿಯಾ ಬದಿಯಿಂದ ಮೇಲೆ ಹೋಗಿ ಕ್ರಾಸ್ ಹಾಕಿದರು, 90+2ರಲ್ಲಿ ಛೆಟ್ರಿ ತಲೆಯಿಂದ ಗೋಲು, ಒಟ್ಟು 3-2. ಅದೇ ಋತುವಿನ ಲೀಗ್ ಹಂತದಲ್ಲಿ ಜಮ್‌ಶೆಡ್‌ಪುರದಲ್ಲಿ ಇಂಥ ಪಾರಾಗುವಿಕೆ ಇರಲಿಲ್ಲ: ಮೊದಲಾರ್ಧದಲ್ಲೇ ಆಲ್ಬರ್ಟೊ ನೊಗೇರಾ ಕೊಟ್ಟ ಮುನ್ನಡೆ 84ನೇ ನಿಮಿಷದವರೆಗೆ ಉಳಿಯಿತು, ಆಮೇಲೆ ಎರಡು ಗೋಲು ಬಿದ್ದು 1-2.

ಅಂತ ಹೇಳಿ ಮುನ್ನುಗ್ಗಿ ಆಡುವುದೇ ಮದ್ದು ಅಂದುಕೊಂಡರೆ 2018ರ ವಿಶ್ವಕಪ್‌ನ ಜಪಾನ್ ನೆನಪಿಸಿಕೊಳ್ಳಬೇಕು. ಬೆಲ್ಜಿಯಂ ಎದುರು 52ನೇ ನಿಮಿಷಕ್ಕೆ 2-0. 69ರಲ್ಲಿ ವೆರ್ಟೊಂಗೆನ್, 74ರಲ್ಲಿ ಫೆಲ್ಲೈನಿ, ಎರಡೂ ತಲೆಯಿಂದ, ಎರಡೂ ಬಾಕ್ಸಿನೊಳಗೆ ಎತ್ತರದ ಚೆಂಡಿನಿಂದ. 2-2 ಆದಮೇಲೆ 90+4ರಲ್ಲಿ ಜಪಾನ್‌ಗೇ ಕಾರ್ನರ್ ಸಿಕ್ಕಿತು. ಹೋಂಡಾ ಅದನ್ನು ನೇರ ಬಾಕ್ಸಿಗೆ ಹಾಕಿದರು, ಬೆಲ್ಜಿಯಂ ಕೀಪರ್ ಕೂರ್ಟುವಾ ಕೈಗೆ ಹಿಡಿದು ಡಿ ಬ್ರೂಯ್ನ ಮುಂದೆ ಉರುಳಿಸಿದರು. ಅವರು ಮಧ್ಯದಲ್ಲಿ ಓಡಿ ಬಲಕ್ಕೆ ಮ್ಯೂನಿಯೆಗೆ ಕೊಟ್ಟರು, ಮ್ಯೂನಿಯೆ ಅಡ್ಡ ಪಾಸ್, ಲುಕಾಕು ಚೆಂಡು ಮುಟ್ಟದೆ ಕಾಲ ಸಂದಿಯಲ್ಲಿ ಬಿಟ್ಟರು, ಹಿಂದೆ ಬಂದ ಶಾದ್ಲಿ ಗೋಲು. ಡಿ ಬ್ರೂಯ್ನಗೆ ಮಧ್ಯದಲ್ಲಿ ಅಡ್ಡ ನಿಂತು ತಡ ಮಾಡಿಸಲು, ಬೇಕಾದರೆ ಒಂದು ಫೌಲ್ ಮಾಡಿ ನಿಲ್ಲಿಸಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಕೊನೆಯ ನಿಮಿಷಗಳ ಕಾರ್ನರ್ ಅಂದರೆ ಇಬ್ಬರು ಮೂಲೆಯಲ್ಲಿ ಚಿಕ್ಕದಾಗಿ ಆಡಿ ಚೆಂಡು ಅಲ್ಲೇ ಇಟ್ಟುಕೊಳ್ಳುವುದು, ಕನಿಷ್ಠ ಮೂವರು ಸೆಂಟರ್ ಲೈನಿನ ಹತ್ತಿರ, ಒಬ್ಬ ಎದುರಾಳಿಯ ಬಾಕ್ಸಿನ ಹೊರಗೆ ಕೀಪರ್ ಪಾಸ್‌ಗೆ ಅಡ್ಡವಾಗಿ. ಇಷ್ಟನ್ನು ಮೊದಲೇ ಹೇಳಿಟ್ಟಿರಬೇಕು, ಆ ಹೊತ್ತಿಗೆ ಯೋಚಿಸಲು ಯಾರಿಗೂ ಉಸಿರು ಇರಲ್ಲ.

ಈಗ ಕ್ಲಿಯರೆನ್ಸ್. ಕೊನೆಯ ಹತ್ತು ನಿಮಿಷದ ಗೋಲುಗಳನ್ನು ಹಿಂದಕ್ಕೆ ಓಡಿಸಿ ನೋಡಿದರೆ ಬಹಳಷ್ಟರ ಬುಡದಲ್ಲಿ ಒಂದು ಕೆಟ್ಟ ಕ್ಲಿಯರೆನ್ಸ್ ಸಿಗುತ್ತದೆ. ಅತಿ ಪ್ರಸಿದ್ಧ ಉದಾಹರಣೆ 1999ರ ಚಾಂಪಿಯನ್ಸ್ ಲೀಗ್ ಫೈನಲ್, ಬಯರ್ನ್ ಮ್ಯೂನಿಕ್ ಎದುರು ಮ್ಯಾಂಚೆಸ್ಟರ್ ಯುನೈಟೆಡ್. ಆರನೇ ನಿಮಿಷದಲ್ಲಿ ಮಾರಿಯೊ ಬಾಸ್ಲರ್ ಫ್ರೀ ಕಿಕ್‌ನಿಂದ ಬಂದ ಬಯರ್ನ್ ಮುನ್ನಡೆ ಇಡೀ ಪಂದ್ಯ ಉಳಿದಿತ್ತು. 80ನೇ ನಿಮಿಷದಲ್ಲಿ ಹಿಂದಿನ ಸಾಲನ್ನು ಕಟ್ಟಿ ನಿಲ್ಲಿಸಿದ್ದ ಮಾಥೆಯುಸ್ ಹೊರಗೆ ಹೋದರು, ಥಾರ್ಸ್ಟನ್ ಫಿಂಕ್ ಬಂದರು. 90 ದಾಟಿದ ಮೇಲೆ ಬೆಕ್‌ಹಮ್ ಕಾರ್ನರ್, ಚೆಂಡು ಫಿಂಕ್ ಕಾಲಿಗೆ, ಅವರ ಹೊಡೆತ ಸರಿಯಾಗಿ ತಾಗದೆ ಬಾಕ್ಸಿನ ಅಂಚಿನಲ್ಲಿದ್ದ ಗಿಗ್ಸ್‌ಗೆ ಸಿಕ್ಕಿತು, ಗಿಗ್ಸ್ ಶಾಟನ್ನು ಶೆರಿಂಗಮ್ ದಿಕ್ಕು ಬದಲಿಸಿದರು. 1-1. ಎರಡು ನಿಮಿಷದೊಳಗೆ ಇನ್ನೊಂದು ಕಾರ್ನರ್, ಸೋಲ್ಶಾರ್, 2-1. ಫಿಂಕ್ ಅವರದು ಗಾಬರಿಯ ಹೊಡೆತ ಅಂತ ಬಯ್ಯುವುದು ಸುಲಭ. ಆದರೆ ಆ ಚೆಂಡು ಎಲ್ಲಿ ಬಿತ್ತು ನೋಡಿ: ಬಾಕ್ಸಿನ ಅಂಚಿಗೆ, ಗೋಲಿಗೆ ಎದುರಾಗಿ. ಕ್ಲಿಯರೆನ್ಸ್ ಹೋಗಬಾರದ ಒಂದೇ ಜಾಗ ಅದು.

ಒಳ್ಳೆಯ ಕ್ಲಿಯರೆನ್ಸ್‌ಗೆ ಅಗಲ ಮೊದಲು, ಎತ್ತರ ಆಮೇಲೆ, ದೂರ ಕೊನೆಗೆ. ಬಂದ ಬದಿಗೇ, ಟಚ್‌ಲೈನ್ ಕಡೆ ಹೋಗಲಿ. ಎಡದಿಂದ ಬಂದ ಕ್ರಾಸನ್ನು ತಲೆಯಿಂದ ಎಡಕ್ಕೇ ವಾಪಸ್ ಕಳಿಸುವುದು ಸುಲಭ, ಬಲಕ್ಕೆ ತಿರುಗಿಸಲು ಹೋದರೆ ಚೆಂಡು ಮಧ್ಯದಲ್ಲಿ ಬೀಳುವ ಸಾಧ್ಯತೆ ಹೆಚ್ಚು. ಎರಡನೆಯದು ಎತ್ತರ. ಮೇಲೆ ಎರಡು ಮೂರು ಸೆಕೆಂಡ್ ತೇಲುವ ಚೆಂಡು ಹಿಂದಿನ ಸಾಲಿಗೆ ಹತ್ತು ಮೀಟರ್ ಮೇಲೆ ಬರಲು ಸಮಯ ಕೊಡುತ್ತದೆ. ಬಹುತೇಕ ತಂಡಗಳು ಇಲ್ಲೇ ಕೆಡುವುದು. ಹೊಡೆದವನು ತನ್ನ ಚೆಂಡು ಎಲ್ಲಿಗೆ ಹೋಯಿತು ಅಂತ ನಿಂತು ನೋಡುತ್ತಾನೆ, ಪಕ್ಕದವನು 'ವೆಲ್ ಪ್ಲೇಡ್' ಅಂತ ಬೆನ್ನು ತಟ್ಟುತ್ತಾನೆ, ಸಾಲು ಅಲ್ಲೇ ಉಳಿಯುತ್ತದೆ. ಚೆಂಡು ಗಾಳಿಯಲ್ಲಿರುವಾಗಲೇ ಓಡಬೇಕು. ಸಾಲು ಬಾಕ್ಸಿನ ಹೊರಗೆ ಬಂದ ಕೂಡಲೇ ಒಳಗೆ ಉಳಿದ ಎದುರಾಳಿಗಳೆಲ್ಲ ಆಫ್‌ಸೈಡ್, ಮುಂದಿನ ಕ್ರಾಸ್‌ಗೆ ಅವರು ಮತ್ತೆ ಹೊರಗೆ ಬಂದು ಶುರು ಮಾಡಬೇಕು. ಒಬ್ಬ ಹಿಂದೆ ಉಳಿದರೂ ಉಳಿದ ಮೂವರ ಓಟ ವ್ಯರ್ಥ. ಸಾಮಾನ್ಯವಾಗಿ ಹಾಗೆ ಉಳಿಯುವವನು ಚೆಂಡಿನಿಂದ ದೂರದ ಬದಿಯ ಫುಲ್ ಬ್ಯಾಕ್. ಅವನಿಗೆ ಯಾರೂ ಏನೂ ಹೇಳದೇ ಇರುವುದರಿಂದ.

ಕೂಗುವುದು ಒಬ್ಬನೇ ಆಗಿರಲಿ. ಕೀಪರ್ ಅಥವಾ ಚೆಂಡಿನಿಂದ ದೂರ ಇರುವ ಸೆಂಟರ್ ಬ್ಯಾಕ್. 'ಅಪ್' ಅಂದರೆ ಎಲ್ಲರೂ ಮೇಲೆ, 'ಸ್ಟೇ' ಅಂದರೆ ಇರುವಲ್ಲೇ, 'ಡ್ರಾಪ್' ಅಂದರೆ ಇಳಿ. ಮೂರು ಪದ ಸಾಕು. ಕ್ರೀಡಾಂಗಣ ತುಂಬಿದ್ದರೆ ಈ ಮೂರೂ ಕೇಳಿಸಲ್ಲ ಅನ್ನುವುದು ನಿಜ, ಸಾಲ್ಟ್ ಲೇಕ್‌ನಂಥ ಕಡೆ ಹತ್ತು ಮೀಟರ್ ದೂರದ ಮಾತೂ ಕೇಳಲ್ಲ. ಅಲ್ಲಿ ಕಣ್ಣೇ ಗತಿ: ನಾಲ್ವರೂ ಒಬ್ಬ ಸೆಂಟರ್ ಬ್ಯಾಕನ್ನು ನೋಡಿ ಹೆಜ್ಜೆ ಹಾಕಬೇಕು, ಚೆಂಡನ್ನು ನೋಡಿ ಅಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಬಾಕ್ಸಿನೊಳಗೆ ಡಿಫೆಂಡ್ ಮಾಡಲೇಬೇಕಾಗುತ್ತದೆ. ಆಗಿನ ವಿದ್ಯೆ ಬೇರೆ. ಹ್ಯಾಂಡ್‌ಬಾಲ್ ನಿಯಮದ ಸಾರ ಏನೆಂದರೆ, ಕೈ ದೇಹವನ್ನು ಅಸಹಜವಾಗಿ ದೊಡ್ಡದು ಮಾಡಿ ಚೆಂಡಿಗೆ ಅಡ್ಡ ಬಂದರೆ ತಪ್ಪು, ಬೇಕಂತಲೇ ಮುಟ್ಟಿರಬೇಕಾಗಿಲ್ಲ. ಅದಕ್ಕೆ ಡಿಫೆಂಡರ್‌ಗಳು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ಈಗ ಎಲ್ಲ ಕಡೆ ನೋಡ್ತೇವೆ. ಆದರೆ ಕೈ ಹಿಂದೆ ಕಟ್ಟಿದವನಿಗೆ ಸಮತೋಲ ಇರಲ್ಲ, ಎದುರಿನವನು ಚೆಂಡಿನೊಂದಿಗೆ ಒಳಕ್ಕೆ ತಿರುಗಿದರೆ ತಿರುಗುವಷ್ಟರಲ್ಲಿ ಅರ್ಧ ಸೆಕೆಂಡ್ ಹೋಗಿರುತ್ತದೆ. ಸರಿಯಾದ ಕ್ರಮ: ಹತ್ತಿರ ಹೋಗುವವರೆಗೆ ಕೈ ಸಹಜವಾಗಿ ಓಡಾಡಲಿ, ಹೊಡೆಯುವವನ ಕಾಲು ಹಿಂದಕ್ಕೆ ಹೋದ ಕ್ಷಣಕ್ಕೆ ಮಾತ್ರ ಮೊಣಕೈ ಪಕ್ಕೆಗೆ ಅಂಟಿಸಿ. ಅಡ್ಡ ನಿಲ್ಲುವುದು ಒಂದು ಮೀಟರಿನಷ್ಟು ಹತ್ತಿರದಲ್ಲಿ, ಮೂರು ಮೀಟರ್ ದೂರದಲ್ಲಲ್ಲ. ಹತ್ತಿರ ನಿಂತವನ ತೊಡೆಗೆ ಚೆಂಡು ಬಡಿಯುತ್ತದೆ. ದೂರ ನಿಂತವನು ಕೊನೆ ಗಳಿಗೆಯಲ್ಲಿ ಹಾರುತ್ತಾನೆ, ಹಾರಿದವನ ಕೈ ತಾನಾಗಿ ಮೇಲೇಳುತ್ತದೆ, ಅಲ್ಲಿಗೆ ಮುಗಿಯಿತು.

ಟ್ಯಾಕಲ್ ವಿಷಯದಲ್ಲಿ ಹೇಳುವುದು ಒಂದೇ: ಬಾಕ್ಸಿನೊಳಗೆ ಕಾಲು ಚಾಚಬೇಡಿ. ಚಾಚಿದ ಕಾಲಿಗೆ ಎಡವಿ ಬೀಳಲೆಂದೇ ಎದುರಾಳಿ ಚೆಂಡನ್ನು ಅರ್ಧ ಮೀಟರ್ ಮುಂದೆ ತಳ್ಳುತ್ತಾನೆ. ಅವನನ್ನು ಎಂಡ್‌ಲೈನ್ ಕಡೆಗೆ, ಹೊರಗೆ ಹೊರಗೆ ಸಾಗಿಸಿ. ಪಕ್ಕಕ್ಕೆ ತಿರುಗಿ ನಿಂತು, ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟುಕೊಂಡು, ಅವನ ಸೊಂಟ ನೋಡುತ್ತಾ ಸರಿಯಿರಿ. ಎಂಡ್‌ಲೈನಿನಿಂದ ಗೋಲು ಹೊಡೆಯಲು ಅವನಿಗೆ ಕೋನವೇ ಇರಲ್ಲ, ಕ್ರಾಸ್ ಹಾಕಿದರೆ ನಿಮ್ಮ ಕಾಲಿಗೆ ತಾಗಿ ಕಾರ್ನರ್. ಕಾರ್ನರ್ ಕೊಡುವುದು ಸೋಲಲ್ಲ, ಪೆನಾಲ್ಟಿಗೆ ಹೋಲಿಸಿದರೆ ಪುಕ್ಕಟೆ. ಹಿಂದಿನಿಂದ ಓಡಿ ಬಂದು ಹಿಡಿಯುವವರು, ಅಂದರೆ ವಾಪಸ್ ಬರುತ್ತಿರುವ ಮಿಡ್‌ಫೀಲ್ಡರ್ ಮತ್ತು ಸ್ಟ್ರೈಕರ್, ಚೆಂಡಿಗೆ ಹೋಗಲೇಬಾರದು. ಅವರ ಕೆಲಸ ಬಾಕ್ಸಿನ ಅಂಚಿನಲ್ಲಿ ನಿಂತು ಹೊರಗೆ ಬಿದ್ದ ಸೆಕೆಂಡ್ ಬಾಲ್ ಎತ್ತಿಕೊಳ್ಳುವುದು, ಅಷ್ಟೇ.

ಸಮಯ ಕೊಲ್ಲುವ ಹಳೆ ಉಪಾಯಗಳು ಈಗ ಮೊದಲಿನಷ್ಟು ನಡೆಯಲ್ಲ. 2025-26ರಿಂದ ಕೀಪರ್ ಎಂಟು ಸೆಕೆಂಡಿಗಿಂತ ಹೆಚ್ಚು ಕಾಲ ಚೆಂಡನ್ನು ಕೈಯಲ್ಲಿ ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್, ಕೊನೆಯ ಐದು ಸೆಕೆಂಡನ್ನು ರೆಫರಿ ಕೈ ಎತ್ತಿ ಎಣಿಸುತ್ತಾನೆ. ಬದಲಾಗುವ ಆಟಗಾರ ಹತ್ತಿರದ ಗೆರೆಯಿಂದ ಹೊರಹೋಗಬೇಕು ಅನ್ನುವ ನಿಯಮ 2019ರಿಂದಲೇ ಇದೆ. ನೆಲಕ್ಕೆ ಬಿದ್ದು ಎರಡು ನಿಮಿಷ ಹೊರಳಾಡಿದರೆ ಆ ಎರಡು ನಿಮಿಷ ಇಂಜುರಿ ಟೈಮಿಗೆ ಸೇರುತ್ತದೆ. ಹೊರಳಾಡಿದ ತಂಡದ ಲಯ ಮಾತ್ರ ಕೆಡುತ್ತದೆ. ನಿಜವಾಗಿ ಸಮಯ ತಿನ್ನುವುದು ಎದುರಾಳಿಯ ಅರ್ಧದಲ್ಲಿ ಸಿಗುವ ಥ್ರೋ ಮತ್ತು ಫೌಲ್. ಅದಕ್ಕೆ ಬೆನ್ನು ಕೊಟ್ಟು ಚೆಂಡು ಹಿಡಿದು ನಿಲ್ಲಬಲ್ಲ ಒಬ್ಬ ಮುಂದೆ ಇರಬೇಕು. ಮತ್ತೆ ಅದೇ ಸ್ಟ್ರೈಕರ್ ವಿಷಯಕ್ಕೆ ಬಂದೆವು.

ಒಂದು ತಮಾಷೆ ಹೇಳದಿದ್ದರೆ ಬಗಾನ್‌ಗೆ ಅನ್ಯಾಯವಾಗುತ್ತದೆ. ಬಿಎಫ್‌ಸಿಯ ಎರಡು ಗೋಲು ಮುನ್ನಡೆ ಅಳಿಸಿ ಡುರಾಂಡ್ ಫೈನಲ್‌ಗೆ ಹೋದ ಅದೇ ತಂಡ ನಾಲ್ಕೇ ದಿನದ ನಂತರ, ಆಗಸ್ಟ್ 31ರಂದು, ನಾರ್ತ್‌ಈಸ್ಟ್ ಯುನೈಟೆಡ್ ಎದುರು ವಿರಾಮಕ್ಕೆ 2-0 ಮುಂದಿತ್ತು. 55ರಲ್ಲಿ ಅಜಾರಾಯ್, 58ರಲ್ಲಿ ಗಿಲೆರ್ಮೊ, 2-2, ಶೂಟೌಟ್‌ನಲ್ಲಿ ಕಪ್ ನಾರ್ತ್‌ಈಸ್ಟ್‌ಗೆ. ಈ ಕಾಯಿಲೆ ಒಂದು ಊರಿನದ್ದಲ್ಲ.

ಕೊನೆಗೆ ಅಭ್ಯಾಸ. ಬೆಂಗಳೂರಿನ ಕ್ಲಬ್‌ಗಳಲ್ಲಿ, ಗೌತಮಪುರದಿಂದ ಹಿಡಿದು ಟರ್ಫ್ ಅಕಾಡೆಮಿಗಳವರೆಗೆ, ಡಿಫೆನ್ಸ್ ತರಬೇತಿ ಅಂದರೆ ಒಬ್ಬರಿಗೊಬ್ಬರು ಎದುರು ನಿಲ್ಲಿಸಿ ಟ್ಯಾಕಲ್ ಮಾಡಿಸುವುದು. ಲೀಡ್ ಕಾಯುವುದನ್ನು ಪ್ರತ್ಯೇಕವಾಗಿ ಯಾರೂ ಮಾಡಿಸಲ್ಲ. ಅರ್ಧ ಮೈದಾನ ಸಾಕು. ಒಂದು ಕಡೆ ಕೀಪರ್, ಹಿಂದೆ ನಾಲ್ವರು, ಮಧ್ಯೆ ಮೂವರು, ಮುಂದೆ ಒಬ್ಬ. ಎದುರಿಗೆ ಒಂಬತ್ತು ಜನ. ಗೋಲ್ ಲೈನಿನಿಂದ 20 ಮೀಟರ್ ದೂರದಲ್ಲಿ ಎರಡೂ ಟಚ್‌ಲೈನ್ ಮೇಲೆ ಕೋನ್ ಇಡಿ, ಸೆಂಟರ್ ಲೈನಿನ ಎರಡು ತುದಿಯಲ್ಲಿ ಎರಡು ಮೀಟರ್ ಅಗಲದ ಚಿಕ್ಕ ಗೇಟ್ ಮಾಡಿ. ಆಟ ಪ್ರತಿ ಸಲ ಶುರುವಾಗುವುದು ದಾಳಿ ಮಾಡುವವರ ಕಾಲಿನಿಂದ. ನಾಲ್ಕು ನಿಮಿಷದ ನಾಲ್ಕು ಸುತ್ತು, ನಡುವೆ ಎರಡೆರಡು ನಿಮಿಷ ಬಿಡುವು. ಡಿಫೆಂಡ್ ಮಾಡುವವರು ಗೇಟ್ ದಾಟಿಸಿದರೆ ಒಂದು ಪಾಯಿಂಟ್. ಗೋಲು ಬಿದ್ದರೆ ಎದುರಿಗೆ ಎರಡು. ಬಾಕ್ಸ್ ಒಳಗೆ ಯಾವ ಫೌಲ್ ಆದರೂ, ಮೆಲ್ಲಗೆ ತಳ್ಳಿದರೂ, ಎದುರಿಗೆ ಮೂರು. ಈ ಮೂರೇ ಇಡೀ ಆಟದ ಮರ್ಮ. ಎರಡನೇ ಸುತ್ತಿನ ಹೊತ್ತಿಗೆ ಹುಡುಗರು ತಾವಾಗಿಯೇ ಕೋನ್ ಹತ್ತಿರ ಡಿಫೆಂಡ್ ಮಾಡಲು ನೋಡ್ತಾರೆ, ಒಳಗೆ ಸಿಕ್ಕಿಕೊಂಡರೆ ಕಾಲು ಚಾಚದೆ ಹೊರಗೆ ತಳ್ಳಲು ಕಲಿತಾರೆ.

ಇದರಲ್ಲಿ ಕೆಡುವುದು ಎರಡು ಕಡೆ. ಒಂದು, ಕ್ಲಿಯರ್ ಆದ ಚೆಂಡನ್ನು ತರಲು ಯಾರೋ ಓಡುತ್ತಾರೆ, ಎಲ್ಲರೂ ನಿಂತು ಉಸಿರು ಬಿಡುತ್ತಾರೆ. ಅದಕ್ಕೆ ಆರು ಚೆಂಡು ಕೋಚ್ ಹತ್ತಿರವೇ ಇರಲಿ. ಒಂದು ಹೊರಗೆ ಹೋದ ಮೂರು ಸೆಕೆಂಡಿಗೆ ಇನ್ನೊಂದನ್ನು ದಾಳಿ ಮಾಡುವವರಿಗೆ ಉರುಳಿಸಿ. ಆ ಮೂರು ಸೆಕೆಂಡಿನಲ್ಲಿ ಹಿಂದಿನ ನಾಲ್ವರೂ ಕೋನ್ ದಾಟಿ ಬಂದಿರದಿದ್ದರೆ ಆಗಲೂ ಒಂದು ಪಾಯಿಂಟ್ ಎದುರಿಗೆ. ಎರಡು, ಇದನ್ನು ಅಭ್ಯಾಸದ ಶುರುವಿನಲ್ಲಿ, ಕಾಲು ತಾಜಾ ಇರುವಾಗ ಮಾಡಿಸುತ್ತಾರೆ. ಆಗ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಒಂದು ಗಂಟೆಯ ಅಭ್ಯಾಸ ಆದಮೇಲೆ, ಕೊನೆಯಲ್ಲಿ ಮಾಡಿಸಿ, ಪಂದ್ಯದ ಹಿಂದಿನ ದಿನ ಮಾತ್ರ ಬೇಡ. ಕೊನೆಯ ಸುತ್ತಿನಲ್ಲಿ ಎಷ್ಟು ಸಮಯ ಉಳಿದಿದೆ ಅಂತ ಹೇಳಬೇಡಿ. ನಾಲ್ಕು ನಿಮಿಷ ಅಂದುಕೊಂಡಿದ್ದವರನ್ನು ಆರು ನಿಮಿಷ ಆಡಿಸಿ, ಐದನೇ ನಿಮಿಷದಲ್ಲಿ ಸಾಲು ಎಲ್ಲಿ ನಿಂತಿದೆ ಅಂತ ಕೋನ್ ಪಕ್ಕ ನಿಂತು ನೋಡಿ.